ಫಾರಿನ್‌ಗೆ ಹೊರಟ ಹೀರೋ... ನಿನ್ನ ಸೂಟ್‌ಕೇಸಿನಲ್ಲಿ ಏನಿದೆ?

ನಮ್ಮ ಸಿನಿಮಾದ ಹೀರೋ ಫಾರಿನ್‌ಗೆ ಓದಲು ಹೋಗುವುದು ಎಷ್ಟು ಸುಲಭ! ತಾಯಿ ಹಣೆಗೆ ಕುಂಕುಮ ಇಡುತ್ತಾಳೆ. ಆಕಾಶದಲ್ಲಿ ವಿಮಾನ ಹಾರುತ್ತದೆ. ಮುಂದಿನ ಸೀನಿನಲ್ಲಿ ಹುಡುಗ ಕೋಟು, ಕೂಲಿಂಗ್ ಗ್ಲಾಸ್ ಹಾಕಿಕೊಂಡು ವಾಪಸ್ ಬಂದೇ ಬಿಟ್ಟಿರುತ್ತಾನೆ. ನಡುವೆ ಎಡಿಟರ್ ಕತ್ತರಿ ಹಾಕಿದ ಜಾಗದಲ್ಲಿ ಏನಿತ್ತು? ಮನೆಯ ಪತ್ರ, ಅಪ್ಪನ ಸಹಿ, ಬ್ಯಾಂಕಿನ ಸಾಲ, ಹುಡುಗನ ನಿದ್ದೆಯಿಲ್ಲದ ರಾತ್ರಿಗಳು... ಪರದೆಗೆ ಬಾರದ ಆ ರೀಲನ್ನೇ ಈ ವಾರ ನಿಮ್ಮ ಮುಂದೆ ಬಿಚ್ಚುತ್ತಿದ್ದೇನೆ.

ಯಯಾತಿ ಹುಟ್ಟಿದ್ದು ಹೀಗೆ

ಮೊದಲು ನಿಮಗೆಲ್ಲ ಪರಿಚಯದ ಒಬ್ಬರ ಕತೆ. ಗಿರೀಶ್ ಕಾರ್ನಾಡ್! ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಗಣಿತ, ಸಂಖ್ಯಾಶಾಸ್ತ್ರ ಓದಿ 1958ರಲ್ಲಿ ಡಿಗ್ರಿ ಪಡೆದ ಹುಡುಗ. 1960ರಲ್ಲಿ ರೋಡ್ಸ್ ಸ್ಕಾಲರ್‌ಶಿಪ್ ಸಿಕ್ಕಿ ಆಕ್ಸ್‌ಫರ್ಡಿಗೆ ಹೊರಟಾಗ ವಯಸ್ಸು ಇಪ್ಪತ್ತೆರಡು. ಇಂಗ್ಲಿಷಿನಲ್ಲಿ ಕವಿಯಾಗಿ ಮೆರೆಯಬೇಕೆಂಬುದು ಆಸೆ. ಆದರೆ ಮನಸ್ಸಿನಲ್ಲಿ ಕೋಲಾಹಲ. ಓದು ಮುಗಿಸಿ ಮನೆಯವರಿಗಾಗಿ ವಾಪಸ್ ಬರಬೇಕೋ, ಕಾಲು ಕರೆದುಕೊಂಡು ಹೋದ ಕಡೆ ಹೋಗಿಬಿಡಬೇಕೋ?

ಪ್ರಯಾಣದ ತಯಾರಿ ನಡೆದಿರುವಾಗಲೇ ಕೈ ತಾನಾಗಿ ಬರೆಯತೊಡಗಿತು. ಇಂಗ್ಲಿಷ್ ಕವನವನ್ನಲ್ಲ, ಕನ್ನಡ ನಾಟಕವನ್ನು! ಅದೇ ‘ಯಯಾತಿ’. ಅಪ್ಪನ ಮುಪ್ಪನ್ನು ಮಗ ತನ್ನ ಮೈಮೇಲೆ ಹೊರುವ ಕತೆ. 1961ರಲ್ಲಿ ಅದು ಪುಸ್ತಕವಾಗಿ ಬಂದಾಗ ಬರೆದಾತ ಇನ್ನೂ ಆಕ್ಸ್‌ಫರ್ಡಿನ ವಿದ್ಯಾರ್ಥಿ.

ಇವತ್ತು ಆ ಕತೆ ಉಲ್ಟಾ ಆಗಿದೆ ಗೆಳೆಯರೇ. ಸ್ಕಾಲರ್‌ಶಿಪ್ ಸಿಗುವುದು ಬೆರಳೆಣಿಕೆಯ ಮಂದಿಗೆ. ಮಿಕ್ಕವರ ಮನೆಯಲ್ಲಿ ಮಗನ ಯೌವನಕ್ಕೋಸ್ಕರ ಅಪ್ಪ ತನ್ನ ಮುಪ್ಪನ್ನೇ ಅಡ ಇಡುತ್ತಾನೆ!

ಕಾಗದದ ಕೋಟೆ

ಹೇಗೆ ಅಂತೀರಾ? ಇಂಗ್ಲೆಂಡನ್ನೇ ತೆಗೆದುಕೊಳ್ಳಿ. ಬ್ಯಾಂಕುಗಳು ಏಳೂವರೆ ಲಕ್ಷ ದಾಟಿದ ವಿದ್ಯಾಸಾಲಕ್ಕೆ ಸಾಮಾನ್ಯವಾಗಿ ಮನೆಯನ್ನೋ ಸೈಟನ್ನೋ ಅಡಮಾನ ಕೇಳುತ್ತವೆ. ಕೋರ್ಸ್ ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಾಗಿಲ್ಲ ಅನ್ನುತ್ತಾರೆ, ಸರಿ. ಆದರೆ ಬಡ್ಡಿ ಅಷ್ಟು ದಿನ ನಿದ್ದೆ ಮಾಡುವುದಿಲ್ಲ, ಸದ್ದಿಲ್ಲದೆ ಬೆಳೆಯುತ್ತಲೇ ಇರುತ್ತದೆ. ಈ ಲೆಕ್ಕವನ್ನು ಅಪ್ಪನ ಎದುರು ಕೂತು, ಪೆನ್ನು ಹಿಡಿದು ಹಾಕಿ. ಸಹಿ ಬೀಳುವುದು ಆಮೇಲೆ.

ವೀಸಾಕ್ಕೆ ಮೊದಲ ವರ್ಷದ ಫೀಸು ಮತ್ತು ಒಂಬತ್ತು ತಿಂಗಳವರೆಗಿನ ಊಟ-ವಸತಿ ಖರ್ಚಿನ ದುಡ್ಡು ತೋರಿಸಬೇಕು. ಅದು ಖಾತೆಯಲ್ಲಿ 28 ದಿನ ಕದಲದೆ ಕೂತಿರಬೇಕು. ಒಂದು ದಿನ ಕಡಿಮೆ ಬಿದ್ದರೂ ಕತೆ ಕೈಲಾಸ! ದುಡ್ಡು ಅಪ್ಪನ ಖಾತೆಯಲ್ಲಿದ್ದರೆ ನಿಮ್ಮ ಜನನ ಪ್ರಮಾಣಪತ್ರ, ಅವರ ಒಪ್ಪಿಗೆ ಪತ್ರ ಎರಡೂ ಬೇಕು. ಆರು ತಿಂಗಳಿಗಿಂತ ಹೆಚ್ಚು ಇರಲು ಹೋಗುವವರಿಗೆ ಕ್ಷಯರೋಗದ ಪರೀಕ್ಷೆ ಕಡ್ಡಾಯ. ಅಲ್ಲಿನ ಸರ್ಕಾರಿ ಆಸ್ಪತ್ರೆ ಸೌಲಭ್ಯಕ್ಕೆಂದು ವಿದ್ಯಾರ್ಥಿಗಳು ಮೊದಲೇ ಕಟ್ಟುವ ಸರ್‌ಚಾರ್ಜು 2024ರಲ್ಲಿ ವರ್ಷಕ್ಕೆ 776 ಪೌಂಡಿಗೆ ಏರಿತು. ಐಇಎಲ್‌ಟಿಎಸ್ ಪರೀಕ್ಷೆಯ ಅಂಕಗಳಿಗೆ ಎರಡೇ ವರ್ಷ ಆಯಸ್ಸು.

ಇನ್ನು ನಮ್ಮ ಕಡೆಯ ಹುಡುಗರಿಗೇ ಮೀಸಲಾದ ಒಂದು ತಲೆನೋವು ಇದೆ. ಇನಿಷಿಯಲ್ಲು! ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಒಂದಕ್ಷರ, ಪಾಸ್‌ಪೋರ್ಟಿನಲ್ಲಿ ಅಪ್ಪನ ಪೂರ್ತಿ ಹೆಸರು, ಡಿಗ್ರಿ ಸರ್ಟಿಫಿಕೇಟಿನಲ್ಲಿ ಮತ್ತೊಂದು ಥರ. ವಿಲನ್ ಇಂಟರ್‌ವಲ್ ಆದಮೇಲೆ ಬರೋದು ಇಲ್ಲೇ. ಆದ್ದರಿಂದ ಮೊದಲ ದಿನವೇ ಎಲ್ಲ ಕಾಗದ ಮುಂದಿಟ್ಟುಕೊಂಡು ಹೆಸರು ತಾಳೆ ನೋಡಿ.

ಹೀರೋ ಆಗುವಂತಿಲ್ಲ!

‘ಸಾರ್, ಅಲ್ಲಿಗೆ ಓದೋಕೆ ಹೋದ್ರೆ ಇಂಗ್ಲಿಷ್ ಪಿಕ್ಚರ್‌ನಲ್ಲಿ ಒಂದು ಸಣ್ಣ ಚಾನ್ಸ್ ಆದ್ರೂ ಸಿಗಲ್ವಾ?’ ಅಂತ ಕಣ್ಣರಳಿಸಿ ಕೇಳುವ ಹುಡುಗರಿದ್ದಾರೆ. ಅವರಿಗೆ ಕಹಿ ಸುದ್ದಿ: ಬ್ರಿಟನ್ನಿನ ವಿದ್ಯಾರ್ಥಿ ವೀಸಾದಲ್ಲಿ ಸಂಬಳಕ್ಕೆ ಕಲಾವಿದನಾಗಿ ಕೆಲಸ ಮಾಡುವಂತಿಲ್ಲ. ಡಿಗ್ರಿ ಓದುವವರಿಗೆ ಹೋಟೆಲ್, ಅಂಗಡಿಗಳ ಕೆಲಸ ಉಂಟು. ಅದೂ ಪಾಠ ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆ ಮಾತ್ರ. ಆ ಸಂಪಾದನೆಯಿಂದಲೇ ಸಾಲ ತೀರಿಸಿಬಿಡ್ತೀನಿ ಅಂದರೆ ಅದು ಸಿನಿಮಾ ಡೈಲಾಗ್!

ಡೈರೆಕ್ಷನ್ ಕಲಿಯಲು ಫಾರಿನ್ನೇ ಬೇಕೆಂದೂ ಇಲ್ಲ. ಗಿರೀಶ್ ಕಾಸರವಳ್ಳಿ ಕಲಿತದ್ದು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ. 1977ರ ‘ಘಟಶ್ರಾದ್ಧ’ಕ್ಕೆ ಬಂದದ್ದು ರಾಷ್ಟ್ರದ ಸ್ವರ್ಣ ಕಮಲ. ಪುಣೆಗೆ ವೀಸಾ ಬೇಡ, ಬಸ್ ಟಿಕೆಟ್ ಸಾಕು!

ಹಾಗಾದರೆ ಹೋಗಲೇಬಾರದೇ?

ಖಂಡಿತ ಹೋಗಿ. ಆದರೆ ಯು.ಆರ್. ಅನಂತಮೂರ್ತಿಯವರ ಕತೆ ಕೇಳಿ ಹೋಗಿ. ಕಾಮನ್‌ವೆಲ್ತ್ ಸ್ಕಾಲರ್‌ಶಿಪ್ ಮೇಲೆ ಬರ್ಮಿಂಗ್‌ಹ್ಯಾಮಿನಲ್ಲಿ ಪಿಎಚ್.ಡಿ. ಓದುತ್ತಿದ್ದ ಕಾಲ. ಅಲ್ಲಿಯ ಮೇಷ್ಟ್ರು, ಕಾದಂಬರಿಕಾರ ಮಾಲ್ಕಂ ಬ್ರಾಡ್‌ಬರಿಯ ಜೊತೆ ಇಂಗ್ಮಾರ್ ಬರ್ಗ್‌ಮನ್ನನ ‘ದಿ ಸೆವೆಂತ್ ಸೀಲ್’ ನೋಡಿದರು. ಸ್ವೀಡಿಷ್ ಚಿತ್ರ, ಸಬ್‌ಟೈಟಲ್ ಇಲ್ಲ. ಮಾತು ತಿಳಿಯದೆ ನೋಡಿದ ಆ ಚಿತ್ರ ಅವರೊಳಗಿನ ಮಲೆನಾಡನ್ನು, ಅಗ್ರಹಾರವನ್ನು ಕಲಕಿತು. ಬರ್ಮಿಂಗ್‌ಹ್ಯಾಮಿನಲ್ಲಿ ಕೂತು ಕನ್ನಡದಲ್ಲಿ ಬರೆದರು. 1965ರಲ್ಲಿ ಹೊರಬಂದ ಆ ಕಾದಂಬರಿಯೇ ‘ಸಂಸ್ಕಾರ’!

1970ರಲ್ಲಿ ಅದನ್ನು ಪಟ್ಟಾಭಿರಾಮ ರೆಡ್ಡಿ ಚಿತ್ರ ಮಾಡಿದರು. ಚಿತ್ರಕತೆ ಬರೆದು ಪ್ರಾಣೇಶಾಚಾರ್ಯನಾಗಿ ನಟಿಸಿದವರು ಯಾರು ಹೇಳಿ? ಆಕ್ಸ್‌ಫರ್ಡಿನಿಂದ ಮರಳಿದ ಕಾರ್ನಾಡರೇ. ಕ್ಯಾಮೆರಾ ಹಿಡಿದವನು ಆಸ್ಟ್ರೇಲಿಯಾದ ಟಾಮ್ ಕವನ್. ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆದ ಮೊಟ್ಟಮೊದಲ ಕನ್ನಡ ಚಿತ್ರ ಅದು. ಊರು ಬಿಟ್ಟು ಓದಲು ಹೋಗಿದ್ದ ಇಬ್ಬರು ಊರನ್ನು ಮರೆಯದೆ ಇದ್ದುದರ ಫಲ ಇದು ಅಂತಲೇ ನಾನು ಹೇಳುವುದು.

ಆದ್ದರಿಂದ ಸೂಟ್‌ಕೇಸ್ ಕಟ್ಟುವಾಗ ಸ್ವೆಟರ್ ಇಡಿ, ಚಟ್ನಿಪುಡಿ ಇಡಿ, ಸರ್ಟಿಫಿಕೇಟುಗಳ ಜೆರಾಕ್ಸ್ ಎರಡು ಸೆಟ್ ಇಡಿ. ಒಂದು ಸೆಟ್ ಮನೆಯಲ್ಲೂ ಇರಲಿ. ‘ವೀಸಾ ಗ್ಯಾರಂಟಿ’ ಅನ್ನುವ ಏಜೆಂಟನಿಗೆ ದೂರದಿಂದಲೇ ಕೈ ಮುಗಿಯಿರಿ. ವೀಸಾ ಕೊಡುವುದು ಆ ದೇಶದ ಸರ್ಕಾರ, ಅವನಲ್ಲ. ಹೊರಡುವ ಮುಂಚೆ ಒಂದು ವಾರ ಊರಲ್ಲೇ ಇರಿ. ಸಂತೆ ಸುತ್ತಿ, ಟೂರಿಂಗ್ ಟಾಕೀಸಿನ ಕತೆ ಹೇಳುವ ಅಜ್ಜನ ಹತ್ತಿರ ಕೂತ್ಕೊಳ್ಳಿ, ಅವ್ವನ ಮಾತನ್ನು ಕಿವಿತುಂಬ ಕೇಳಿಸ್ಕೊಳ್ಳಿ. ಕಸ್ಟಮ್ಸಿನವರು ಅದನ್ನೆಲ್ಲ ತೂಕ ಹಾಕುವುದಿಲ್ಲ, ಸುಂಕವನ್ನೂ ಕೇಳುವುದಿಲ್ಲ.

ಅಪ್ಪ ಅಡ ಇಟ್ಟ ಮನೆ ಪತ್ರವನ್ನು ಮಾತ್ರ ನೀವೇ ಬಿಡಿಸಿಕೊಡಬೇಕು. ಹೋಗಿ ಬನ್ನಿ!