ಮುಂದೆ ಹೋಗೆನೆಂದ ಯಂತ್ರ

ಗಣೇಶನ ಹಬ್ಬ ಕಳೆದು ಎಂಟು ದಿನವಾಗಿತ್ತು. ಬೆಳಗಿನ ಕಾಫಿ ಮುಗಿಸಿ ಪತ್ರಿಕೆ ಬಿಡಿಸುವಷ್ಟರಲ್ಲಿ, ಮೂರು ವಾರಗಳಿಂದ ನಮ್ಮ ಕಿವಿಗೆ ಒಗ್ಗಿಹೋಗಿದ್ದ ಸದ್ದು ಥಟ್ಟನೆ ಬದಲಾಯಿತು. ಎಂಜಿನ್ ಗುಡುಗುತ್ತಲೇ ಇತ್ತು. ಚೈನು ಉರುಳುವ ಕಿರಕಿರ ಮಾತ್ರ ನಿಂತುಹೋಗಿತ್ತು. ಪತ್ರಿಕೆಯನ್ನು ಮಡಿಸಿಟ್ಟು ಹೊರಗೆ ಬಂದೆ.

ನಮ್ಮದು ಜಯನಗರದ ಹಳೆಯ ಬೀದಿ. 1948ರ ಆಗಸ್ಟ್ 20ರಂದು ರಾಜಾಜಿಯವರ ಹಸ್ತದಿಂದ ಶಂಕುಸ್ಥಾಪನೆಯಾದ ಈ ಬಡಾವಣೆಯಲ್ಲಿ ಹಿರಿಯರು ಕಟ್ಟಿಸಿದ ಒಂಟಿ ಮನೆಗಳು ಈಗ ಒಂದೊಂದಾಗಿ ಉರುಳುತ್ತಿವೆ. ಮನೆಯಿದ್ದ ಜಾಗದಲ್ಲಿ ಮೊದಲು ಒಂದು ಹಳ್ಳ ಕಾಣಿಸಿಕೊಳ್ಳುತ್ತದೆ. ಅನಂತರ ಆ ಹಳ್ಳದಲ್ಲಿ ಕಾರು ನಿಲ್ಲಿಸುವ ನೆಲಮಾಳಿಗೆ, ಅದರ ಮೇಲೆ ಅಂತಸ್ತಿನ ಮೇಲೆ ಅಂತಸ್ತು. ನಮ್ಮ ಪಕ್ಕದ ನಿವೇಶನ ಆಗ ಹಳ್ಳದ ಹಂತದಲ್ಲಿತ್ತು. ಆಳ ಹತ್ತಡಿ. ಅದರ ಅಂಚಿನ ಮೇಲೆಯೇ ನಮ್ಮ ತಂದೆಯವರು ಕಟ್ಟಿಸಿದ ಸೈಜುಗಲ್ಲಿನ ಕಾಂಪೌಂಡು ಗೋಡೆ. ಗೋಡೆಯಿಂದ ಎಂಟಡಿ ಈಚೆಗೆ ನಮ್ಮ ತಾಯಿ ಮಲಗುವ ಕೋಣೆ. ಹಿಂದಿನ ಸಂಜೆಯ ಮಳೆಗೆ ಗೋಡೆಯ ಬುಡದ ಮಣ್ಣು ಒಂದು ಮಾರಿನಷ್ಟು ಕುಸಿದಿತ್ತು. ಮತ್ತೆ ಮಳೆ ಬರುವ ಮುನ್ನ ಅಲ್ಲಿಗೆ ಮರಳಿನ ಚೀಲಗಳನ್ನು ಒಟ್ಟಿ ಮಣ್ಣು ತುಂಬಿಸಿಕೊಡುವುದಾಗಿ ಕಂಟ್ರಾಕ್ಟರು ಮಾತು ಕೊಟ್ಟಿದ್ದರು. ಮಣ್ಣು ತುಂಬಬೇಕಾದ ಯಂತ್ರವೇ ಈಗ, ಹಳ್ಳಕ್ಕಿದ್ದ ಒಂದೇ ಇಳಿಜಾರು ದಾರಿಯ ನಡುವೆ, ಮೊಂಡು ಹಿಡಿದ ಕೋಣದಂತೆ ನಿಂತುಬಿಟ್ಟಿತ್ತು.

ಮರಿ ಯಂತ್ರದ ಪೂರ್ವೋತ್ತರ

ಈ ಮರಿ ಲೋಡರನ್ನು ವಾಚಕರು ತಮ್ಮ ಬೀದಿಯಲ್ಲಿಯೂ ಕಂಡಿರಬಹುದು. ಸುಮಾರು ಆರಡಿ ಅಗಲ, ಮುಂದೆ ಬಕೆಟ್ಟು, ನಡುವೆ ಪಂಜರದಂಥ ಗೂಡಿನಲ್ಲಿ ಚಾಲಕ. ಕೆಲವಕ್ಕೆ ನಾಲ್ಕು ಚಕ್ರ. ಕೆಸರಿನಲ್ಲಿ ದುಡಿಯುವಂಥವಕ್ಕೆ ಎರಡು ಬದಿಗೂ ರಬ್ಬರಿನ ಚೈನು. ಒಂದು ಬದಿ ಮುಂದಕ್ಕೆ, ಇನ್ನೊಂದು ಬದಿ ಹಿಂದಕ್ಕೆ ಉರುಳಿದರೆ ನಿಂತಲ್ಲೇ ಬುಗುರಿಯಂತೆ ತಿರುಗುತ್ತದೆ.

ಇದರ ಮೂಲ ಒಂದು ಕೋಳಿಮನೆ ಎಂದರೆ ನಂಬುವಿರಾ? ಅಮೆರಿಕದ ಮಿನ್ನೆಸೋಟ ಪ್ರಾಂತದ ರಾತ್ಸೆ ಎಂಬ ಊರಿನಲ್ಲಿ ಸಿರಿಲ್ ಮತ್ತು ಲೂಯಿಸ್ ಕೆಲ್ಲರ್ ಎಂಬ ಸೋದರರು ಕಮ್ಮಾರಿಕೆ ನಡೆಸುತ್ತಿದ್ದರು. ಟರ್ಕಿ ಕೋಳಿ ಸಾಕುವವನೊಬ್ಬನ ಕೊಟ್ಟಿಗೆಯಲ್ಲಿ ಕಂಬಗಳ ಸಂದಿಯಲ್ಲಿ ನುಸುಳಿ ಗೊಬ್ಬರ ಬಾಚುವುದಕ್ಕೆ ಅವರು 1957ರಲ್ಲಿ ಮೂರು ಚಕ್ರದ ಪುಟ್ಟ ಯಂತ್ರವೊಂದನ್ನು ಮಾಡಿಕೊಟ್ಟರು. ಮರುವರ್ಷ ಮೆಲ್ರೋ ಎಂಬ ಕಾರ್ಖಾನೆಯವರು ಅದನ್ನು ಕೈಗೆತ್ತಿಕೊಂಡರು; 1960ರಲ್ಲಿ ನಾಲ್ಕನೆಯ ಚಕ್ರ ಬಂತು; 1962ರಲ್ಲಿ ‘ಬಾಬ್‌ಕ್ಯಾಟ್’ ಎಂದು ನಾಮಕರಣವಾಯಿತು. ಇಂದು ನಮ್ಮ ಬೆಂಗಳೂರಿನ ಕೂಲಿಗಾರರು ಯಾರು ತಯಾರಿಸಿದ ಮರಿ ಲೋಡರನ್ನಾದರೂ ಅದೇ ಹೆಸರಿನಿಂದ ಕರೆಯುವುದುಂಟು. ಪಕ್ಕದ ಹಳ್ಳದಲ್ಲಿದ್ದುದು ಬೇರೊಬ್ಬರು ತಯಾರಿಸಿದ್ದು, ವಯಸ್ಸಾದದ್ದು, ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಬಂದದ್ದು.

ಅದರ ಚಾಲಕ ಯಾದಗಿರಿಯ ಕಡೆಯ ಹುಡುಗ, ಇಪ್ಪತ್ತೆರಡು ವರ್ಷವಿದ್ದೀತು. ಬಕೆಟ್ಟನ್ನು ನೆಲಕ್ಕೆ ಊರಿ, ಎಂಜಿನ್ ಆರಿಸಿ, ಕೆಳಗಿಳಿದು ನಿಂತಿದ್ದ. ಕಂಟ್ರಾಕ್ಟರು ಅವನ ಮೇಲೆ ಹರಿಹಾಯುತ್ತಿದ್ದರು. ‘ಏನು ಮಾಡಿದೆಯೋ ಅದಕ್ಕೆ? ಇವತ್ತಿನ ಬ್ಯಾಟಾ ಮರೆತುಬಿಡು’ ಎಂಬ ಮಾತು ನನಗೂ ಕೇಳಿಸಿತು.

ಮೂರು ಬಗೆಯ ನಿಲುಗಡೆ

ಹತ್ತೂವರೆಗೆ ಮೆಕ್ಯಾನಿಕ್ ಬಂದರು. ಅರವತ್ತು ದಾಟಿದವರು, ಕೋಲಾರದ ಚಿನ್ನದ ಗಣಿಯ ಊರಿನವರು. 1964ರಲ್ಲಿ ಸ್ಥಾಪನೆಯಾದ ಭಾರತ್ ಅರ್ಥ್ ಮೂವರ್ಸ್ ಸಂಸ್ಥೆಯ ಬುಲ್ಡೋಜರುಗಳು ತಯಾರಾಗುವ ಊರು ಅದು. ಅಂಥ ದೊಡ್ಡ ಚೈನಿನ ಯಂತ್ರಗಳ ನಡುವೆ ಕೆಲಸ ಕಲಿತ ಕೈ ಅವರದು.

ಬಂದವರು ಯಂತ್ರವನ್ನು ಮುಟ್ಟಲಿಲ್ಲ. ಮೊದಲು ಹಳ್ಳದ ತಳದಲ್ಲಿ ಕಂಬಿ ಕಟ್ಟುತ್ತಿದ್ದ ನಾಲ್ವರನ್ನು ಮೇಲಕ್ಕೆ ಕರೆಸಿದರು. ಚೈನಿನ ಕೆಳಭಾಗಕ್ಕೆ ಮರದ ದಿಮ್ಮಿಗಳನ್ನು ಒತ್ತುಕೊಡಿಸಿದರು. ಆಮೇಲೆ ಹುಡುಗನನ್ನು ಹತ್ತಿರ ಕರೆದು ಕೇಳಿದರು:

‘ತಮ್ಮಾ, ನಿಂತದ್ದು ಹೇಗೆ? ದಣಿದ ಎತ್ತಿನ ಹಾಗೆ ನಿಧಾನವಾಗಿ ನಿಂತಿತೋ, ಒಂದೇ ಸಲಕ್ಕೆ ನಿಂತಿತೋ?’

‘ಒಮ್ಮೆಗೇ ನಿಂತ್ತರೀ ಕಾಕಾ. ಹಿಂದಿನಿಂದ ಯಾರೋ ಜಗ್ಗಿ ಹಿಡದಂಗಾತ್ರಿ.’

‘ಎರಡು ಬದಿಯೂ?’

‘ಎರಡೂ ರೀ.’

ಮುದುಕರು ತಲೆದೂಗಿದರು. ಆ ಎರಡು ಪ್ರಶ್ನೆಗಳಲ್ಲಿ ಅರ್ಧ ರೋಗ ತಿಳಿದಿತ್ತೆಂದು ಅನಂತರ ನನಗೆ ವಿವರಿಸಿದರು. ಈ ಯಂತ್ರದಲ್ಲಿ ಕಾರಿನಂತೆ ಕ್ಲಚ್ಚು, ಗೇರುಗಳಿಲ್ಲ. ಎಂಜಿನ್ ಪಂಪುಗಳನ್ನು ತಿರುಗಿಸುತ್ತದೆ; ಪಂಪು ಎಣ್ಣೆಯನ್ನು ಅಪಾರ ಒತ್ತಡದಿಂದ ಬದಿಗೊಂದರಂತಿರುವ ಮೋಟಾರುಗಳಿಗೆ ನೂಕುತ್ತದೆ; ಮೋಟಾರು ಚೈನನ್ನು ಎಳೆಯುತ್ತದೆ. ದಿನದಿನಕ್ಕೆ ಬಲಗುಂದಿ, ಬಿಸಿಯೇರಿದಂತೆ ಸೊರಗಿ ನಿಂತರೆ ದೋಷ ಎಣ್ಣೆಯಲ್ಲಿ, ಕಟ್ಟಿಕೊಂಡ ಸೋಸುಕದಲ್ಲಿ, ಇಲ್ಲವೆ ಸವೆದ ಪಂಪಿನಲ್ಲಿ. ಒಂದೇ ಬದಿ ನಿಂತರೆ ಆ ಬದಿಯ ಮೋಟಾರನ್ನೋ, ಕೊಳವೆಯನ್ನೋ, ಚೈನಿಗೆ ಸಿಕ್ಕಿದ ಕಲ್ಲನ್ನೋ ನೋಡಬೇಕು. ಎರಡು ಬದಿಯೂ ಒಂದೇ ಕ್ಷಣದಲ್ಲಿ ನಿಂತರೆ, ಎರಡಕ್ಕೂ ಸಾಮಾನ್ಯವಾದುದನ್ನು ಹುಡುಕಬೇಕು.

ಸುಲಭವಾದುದರಿಂದ ಆರಂಭಿಸಿದರು. ಚೈನಿನ ಹಲ್ಲುಗಳಲ್ಲಿ ಕಲ್ಲು ಕಂಬಿಗಳಿರಲಿಲ್ಲ. ಎಣ್ಣೆಯ ಮಟ್ಟ ಸರಿಯಾಗಿತ್ತು. ಸೋರಿಕೆ ಇದೆಯೇ ಎಂದು ಕೊಳವೆಗಳ ಉದ್ದಕ್ಕೂ ರಟ್ಟಿನ ಚೂರೊಂದನ್ನು ಹಿಡಿದು ನೋಡಿದರು. ‘ಕೈಯಿಂದ ಮುಟ್ಟಿ ನೋಡುವುದಿಲ್ಲವೆ?’ ಎಂದು ಕೇಳಿದೆ. ‘ಸೂಜಿಮೊನೆಯಷ್ಟು ತೂತಿನಿಂದ ಹೊರಡುವ ಎಣ್ಣೆ ಚರ್ಮವನ್ನು ತೂರಿಕೊಂಡು ಒಳಕ್ಕೆ ಹೋಗುತ್ತದೆ ಸ್ವಾಮಿ. ಮೇಲೆ ಕಾಣುವುದು ಚುಕ್ಕೆಯಷ್ಟೇ. ತಡಮಾಡಿದರೆ ಬೆರಳೇ ಹೋದೀತು’ ಎಂದರು.

ಅನಂತರ ಹುಡುಗನನ್ನು ಕೂರಿಸಿ ಎಂಜಿನ್ ಹಚ್ಚಿಸಿದರು. ಬಕೆಟ್ಟು ಎತ್ತಿಸಿದರು, ಸರಾಗವಾಗಿ ಎದ್ದಿತು. ಅದನ್ನು ಇಳಿಸಿ, ಮುನ್ನಡೆಯ ಸನ್ನೆಯನ್ನು ಮೆಲ್ಲನೆ ಒತ್ತಿಸಿದರು. ಯಂತ್ರ ಕದಲಲಿಲ್ಲ, ಎಂಜಿನ್ ಮಾತ್ರ ಭಾರ ಹೊತ್ತವನಂತೆ ಮುಲುಗಿತು. ಮುದುಕರ ಮುಖ ಅರಳಿತು. ಪಂಪು ನೂಕುತ್ತಿದೆ, ಬ್ರೇಕು ಬಿಡುತ್ತಿಲ್ಲ!

ಒಂದು ತುಂಡು ತಂತಿ

ಈ ಬ್ರೇಕಿನ ರೀತಿಯೇ ಬೇರೆ. ನಮ್ಮ ಸ್ಕೂಟರಿನ ಬ್ರೇಕು ಒತ್ತಿದರೆ ಹಿಡಿಯುತ್ತದೆ. ಇದು ಸದಾ ಹಿಡಿದೇ ಇರುತ್ತದೆ. ಬಲವಾದ ಸ್ಪ್ರಿಂಗೊಂದು ಅದನ್ನು ಬಿಗಿದಿರುತ್ತದೆ. ಎಂಜಿನ್ ಓಡುತ್ತಿದ್ದು, ಚಾಲಕ ಆಸನದಲ್ಲಿ ಕುಳಿತು, ಮಡಿಲ ಮೇಲಿನ ಅಡ್ಡಪಟ್ಟಿಯನ್ನು ಇಳಿಸಿಕೊಂಡಾಗ ಮಾತ್ರ ವಿದ್ಯುತ್ತು ಹರಿದು ಪುಟ್ಟ ಕವಾಟವೊಂದು ತೆರೆಯುತ್ತದೆ. ಎಣ್ಣೆ ನುಗ್ಗಿ ಸ್ಪ್ರಿಂಗನ್ನು ಹಿಂದಕ್ಕೆ ಒತ್ತುತ್ತದೆ. ವಿದ್ಯುತ್ತು ತಪ್ಪಿದರೂ, ಎಣ್ಣೆ ತಪ್ಪಿದರೂ ಬ್ರೇಕು ತಾನಾಗಿ ಹಿಡಿಯುತ್ತದೆ. 1872ರಲ್ಲಿ ಜಾರ್ಜ್ ವೆಸ್ಟಿಂಗ್‌ಹೌಸ್ ರೈಲುಗಳಿಗೆ ಅಳವಡಿಸಿದ ಸ್ವಯಂಚಾಲಿತ ಗಾಳಿ ಬ್ರೇಕಿನ ತತ್ತ್ವವೂ ಇದೇ: ಕೊಳವೆ ಒಡೆದು ಗಾಳಿ ಸೋರಿದರೆ ಗಾಡಿ ಓಡಿಹೋಗುವುದಿಲ್ಲ, ನಿಲ್ಲುತ್ತದೆ.

ಹನ್ನೆರಡು ಗಂಟೆಯಾಗಿತ್ತು. ದಕ್ಷಿಣದ ಕಡೆಯಲ್ಲಿ, ಬನಶಂಕರಿಯ ಮೇಲೆ, ಮೋಡ ಕಪ್ಪಾಗುತ್ತಿತ್ತು. ಕಂಟ್ರಾಕ್ಟರಿಗೆ ತಾಳ್ಮೆ ಮುಗಿಯಿತು.

‘ಯಜಮಾನರೆ, ಗೊತ್ತಾಯಿತಲ್ಲ. ಬ್ಯಾಟರಿಯಿಂದ ಆ ಕವಾಟಕ್ಕೆ ನೇರವಾಗಿ ಒಂದು ತಂತಿ ಕೊಟ್ಟುಬಿಡಿ. ಹತ್ತು ನಿಮಿಷದ ಕೆಲಸ. ಇಲ್ಲವಾದರೆ ದೊಡ್ಡ ಯಂತ್ರ ತರಿಸಿ ಎಳೆಸುತ್ತೇನೆ.’

‘ಬ್ರೇಕು ಹಿಡಿದಿರುವಾಗ ಎಳೆಸಿದರೆ ಒಳಗಿನ ಹಲ್ಲುಗಳು ಮುರಿದಾವು ಸ್ವಾಮಿ. ತಂತಿ ಕೊಟ್ಟರೆ ಬ್ರೇಕು ಬಿಡುತ್ತದೆ, ನಿಜ. ಆದರೆ ಮತ್ತೆ ಹಿಡಿಯುವವರು ಯಾರು? ಹುಡುಗ ಎದ್ದುನಿಂತರೂ, ಜಾರಿ ಬಿದ್ದರೂ, ಅವನ ಮೊಣಕಾಲು ಸನ್ನೆಗೆ ತಗಲಿದರೂ, ಎಂಜಿನ್ ಓಡುತ್ತಿರುವ ತನಕ ಅದು ಬಿಟ್ಟೇ ಇರುತ್ತದೆ. ಇದು ಇಳಿಜಾರು. ಕೆಳಗೆ ನಾಲ್ಕು ಜನ ಕೆಲಸ ಮಾಡುತ್ತಾರೆ.’

ವಾಚಕರೆದುರು ಒಂದು ತಪ್ಪೊಪ್ಪಿಗೆ. ಆ ಕ್ಷಣದಲ್ಲಿ ನನ್ನ ಮನಸ್ಸು ಕಂಟ್ರಾಕ್ಟರ ಪಕ್ಷದಲ್ಲಿತ್ತು. ಗೋಡೆ ನನ್ನದು, ಕೋಣೆಯಲ್ಲಿ ಮಲಗಿದ್ದವರು ನನ್ನ ತಾಯಿ. ‘ಒಂದೇ ಸಲಕ್ಕೆ ತಾನೇ’ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಮುದುಕರು ನನ್ನ ಮುಖ ನೋಡಿದರೋ ಏನೋ, ‘ತಾಯಿಯವರನ್ನು ಮುಂದಿನ ಕೋಣೆಗೆ ಕರೆದುಕೊಂಡು ಹೋಗಿ ಸ್ವಾಮಿ. ನನಗೆ ಎರಡು ಗಂಟೆ ಬೇಕು’ ಎಂದರು. ಬೆಳಗಿನಿಂದ ನನಗೆ ಹೊಳೆಯದಿದ್ದ ಸರಳ ಉಪಾಯ ಅದು. ಹೋಗಿ ತಾಯಿಯವರ ಮಂಚವನ್ನು ಬದಲಾಯಿಸಿ ಬಂದೆ.

ಹಸಿರುಗಟ್ಟಿದ ತಾಮ್ರ

ಎಂಜಿನ್ ಆರಿಸಿ, ಮೀಟರು ಹಿಡಿದು ಕವಾಟದ ತುದಿಯಿಂದ ಹಿಂದಕ್ಕೆ ಮೊಳಮೊಳವಾಗಿ ತಂತಿಯನ್ನು ಪರೀಕ್ಷಿಸುತ್ತ ಬಂದರು. ಚಾಲಕನ ಗೂಡಿನ ಹಿಂದೆ, ಸಿಮೆಂಟು ನೀರು ಸಿಡಿದು ಗಟ್ಟಿಯಾದ ಮೂಲೆಯಲ್ಲಿ, ಯಾರೋ ಎಂದೋ ತಿರುಚಿ ಕಪ್ಪು ಪಟ್ಟಿ ಸುತ್ತಿದ್ದ ಬೆಸುಗೆಯೊಂದು ಸಿಕ್ಕಿತು. ಪಟ್ಟಿ ಬಿಚ್ಚಿದರೆ ತಾಮ್ರ ಹಸಿರುಗಟ್ಟಿ ಪುಡಿಯಾಗಿತ್ತು. ಹಿಂದಿನ ಸಂಜೆಯ ಮಳೆ ಉಳಿದ ಕೆಲಸ ಮುಗಿಸಿತ್ತು.

ಅಷ್ಟಕ್ಕೇ ಅವರು ಏಳಲಿಲ್ಲ. ಅದೇ ಮೂಲೆಯಿಂದ ಇನ್ನೊಂದು ಪುಟ್ಟ ತಂತಿ ಆಸನದ ಕೆಳಗೆ ಹೊರಟಿತ್ತು. ಅದನ್ನು ಹಿಡಿದು ಹೋದರೆ, ಆಸನದಲ್ಲಿ ಚಾಲಕನಿದ್ದಾನೆಂದು ಯಂತ್ರಕ್ಕೆ ತಿಳಿಸಬೇಕಾದ ಸ್ವಿಚ್ಚಿನ ಎರಡು ತುದಿಗಳನ್ನೂ ಯಾರೋ ಒಂದಕ್ಕೊಂದು ಕಟ್ಟಿಬಿಟ್ಟಿದ್ದರು! ಆಸನ ಬರಿದಾಗಿದ್ದರೂ ‘ಕುಳಿತಿದ್ದಾನೆ, ಕುಳಿತಿದ್ದಾನೆ’ ಎಂದು ಯಂತ್ರಕ್ಕೆ ಸುಳ್ಳು ಹೇಳುವ ತಂತಿ ಅದು. ಹಿಂದೊಮ್ಮೆ ಯಾರೋ ಹತ್ತು ನಿಮಿಷದಲ್ಲಿ ಮುಗಿಸಿದ ರಿಪೇರಿ.

ಮುದುಕರು ಕಂಟ್ರಾಕ್ಟರನ್ನು ಕರೆದು ಎರಡನ್ನೂ ತೋರಿಸಿದರು. ‘ಹುಡುಗನದು ಏನೂ ತಪ್ಪಿಲ್ಲ’ ಎಂದಷ್ಟೇ ಹೇಳಿದರು. ಸ್ಕೂಟರಿನಲ್ಲಿ ಆಳನ್ನಟ್ಟಿ ಹೊಸ ಸ್ವಿಚ್ಚು ತರಿಸಿದರು. ಹಳೆಯ ತಂತಿ ಕತ್ತರಿಸಿ, ಹೊಸದು ಬೆಸೆದು, ನೀರು ತಾಗದ ಕೊಳವೆಯೊಳಗೆ ಹಾಯಿಸಿದರು. ಎರಡೂಕಾಲಿಗೆ ಎಂಜಿನ್ ಹಚ್ಚಿದಾಗ ಯಂತ್ರ ನಾಲ್ಕಡಿ ಮುಂದೆ ಹೋಯಿತು. ಕಂಟ್ರಾಕ್ಟರು ‘ಸರಿ, ಸರಿ, ಮಣ್ಣಿಗೆ ಹೋಗಲಿ’ ಎಂದು ಕೈಬೀಸಿದರು.

‘ಇರಿ ಸ್ವಾಮಿ. ಓಡುತ್ತದೆಯೇ ಎಂದು ನೋಡಿದ್ದಾಯಿತು. ನಿಲ್ಲುತ್ತದೆಯೇ ಎಂದು ನೋಡಬೇಡವೆ?’

ಯಂತ್ರವನ್ನು ಮೇಲಿನ ಸಮತಟ್ಟಿಗೆ ತರಿಸಿ, ನಿಂತಾಗ ಅಡ್ಡಪಟ್ಟಿಯನ್ನು ಎತ್ತಿಸಿದರು. ಬ್ರೇಕು ಟಕ್ಕೆಂದು ಹಿಡಿಯಿತು. ಪಟ್ಟಿ ಇಳಿಸಿ, ಹುಡುಗನನ್ನು ಆಸನದಿಂದ ತುಸು ಏಳಿಸಿದರು, ಆಗಲೂ ಹಿಡಿಯಿತು. ಆಮೇಲೆಯೇ ತಮ್ಮ ಚೀಲ ಕಟ್ಟಿದ್ದು.

ಮೂರೂವರೆಯ ಹೊತ್ತಿಗೆ ಗೋಡೆಯ ಬುಡಕ್ಕೆ ಮಣ್ಣು ತುಂಬಿತು. ನಾಲ್ಕಕ್ಕೆ ಮಳೆ ಬಂತು, ಬೆಂಗಳೂರಿನ ಭಾದ್ರಪದದ ಮಳೆ, ಸುರಿದೇ ಸುರಿಯಿತು. ಗೋಡೆ ನಿಂತಿತು. ಹುಡುಗನಿಗೆ ಅಂದಿನ ಬ್ಯಾಟಾ ಸಿಕ್ಕಿತೆಂದು ಮರುದಿನ ಅವನ ಬಾಯಿಂದಲೇ ತಿಳಿದೆ.

ಆ ರಾತ್ರಿ ಊಟವಾದ ಮೇಲೆ ನಾನು ದೀಪ ಹಿಡಿದು ನಮ್ಮ ಮೆಟ್ಟಿಲ ಕೆಳಗಿನ ಹಳೆಯ ಫ್ಯೂಸ್ ಪೆಟ್ಟಿಗೆಯ ಮುಂದೆ ಕುಳಿತೆ. ಕಳೆದ ಬೇಸಿಗೆಯಲ್ಲಿ ಮತ್ತೆ ಮತ್ತೆ ಫ್ಯೂಸು ಹೋಗುತ್ತಿದೆಯೆಂದು ಬೇಸತ್ತು, ಅಲ್ಲೊಂದು ದಪ್ಪ ತಾಮ್ರದ ತಂತಿಯನ್ನು ಸುತ್ತಿ ‘ಇನ್ನು ಕಾಟ ತಪ್ಪಿತು’ ಎಂದುಕೊಂಡವನು ನಾನೇ. ಮೇನ್ ಆರಿಸಿ ಅದನ್ನು ಬಿಚ್ಚಿ ತೆಗೆದೆ.

‘ಕತ್ತಲಲ್ಲಿ ಏನು ಮಾಡುತ್ತಿದ್ದೀಯೋ?’ ಎಂದು ಮುಂದಿನ ಕೋಣೆಯಿಂದ ತಾಯಿ ಕೇಳಿದರು.

‘ರಿಪೇರಿ ಅಮ್ಮಾ’ ಎಂದೆ. ‘ಬೆಳಿಗ್ಗೆ ಎಲೆಕ್ಟ್ರಿಷಿಯನ್ನನ್ನು ಕರೆಸುತ್ತೇನೆ.’