ಎರಡು ನಿಮಿಷದ ದಿಗಿಲು

ಸಿನಿಮಾದ ಮೊದಲ ಎರಡು ನಿಮಿಷವನ್ನಷ್ಟೇ ತೆಗೆದು, ಮುಂದಿನದನ್ನು ತೆಗೆಯದೆಯೇ ಬಿಡುವುದು ವಿಚಿತ್ರವಾದ ಕೆಲಸ. ಇಂಗ್ಲೆಂಡಿನ ಹದಿನಾರು, ಹದಿನೇಳರ ವಯಸ್ಸಿನ ಮಾಧ್ಯಮ ವಿದ್ಯಾರ್ಥಿಗಳಿಗೆ ಹಲವು ವರ್ಷ ಇದೇ ಪರೀಕ್ಷೆಯಾಗಿತ್ತು. ಅಲ್ಲಿನ ಓಸಿಆರ್ ಪರೀಕ್ಷಾ ಮಂಡಳಿ 2008ರಲ್ಲಿ ಜಾರಿಗೆ ತಂದ ಎ ಲೆವೆಲ್ ಮಾಧ್ಯಮ ಅಧ್ಯಯನದ ಪಠ್ಯಕ್ರಮದಲ್ಲಿ, ಮೊದಲ ವರ್ಷದ ವಿಡಿಯೊ ಕೆಲಸವೆಂದರೆ ಹೊಸ ಕಥಾಚಿತ್ರವೊಂದರ ಟೈಟಲ್ ಕಾರ್ಡು ಮತ್ತು ಆರಂಭದ ದೃಶ್ಯ. ಉದ್ದ ಎರಡು ನಿಮಿಷ ಮೀರುವಂತಿರಲಿಲ್ಲ. ಗುಂಪಿನಲ್ಲಿ ಹೆಚ್ಚೆಂದರೆ ನಾಲ್ವರು. ಚಿತ್ರವೂ ಧ್ವನಿಯೂ ಅವರದೇ ಆಗಿರಬೇಕಿತ್ತು. ಹೊರಗಿನಿಂದ ತರಬಹುದಾಗಿದ್ದದ್ದು ಹಕ್ಕುಸ್ವಾಮ್ಯವಿಲ್ಲದ ಸಂಗೀತ ಮತ್ತು ಶಬ್ದ ಮಾತ್ರ. ನೂರು ಅಂಕಗಳಲ್ಲಿ ತಯಾರಿಕೆಗೆ 60, ಹಿಂತಿರುಗಿ ನೋಡಿ ಬರೆಯುವ ವಿಮರ್ಶೆಗೆ 20, ಸಂಶೋಧನೆ ಮತ್ತು ಯೋಜನೆಗೆ 20. ಹೀಗೆ ಯೋಜನೆಗೇ ಬೇರೆ ಅಂಕವಿದ್ದದ್ದರಿಂದ, ಕ್ಯಾಮೆರಾ ಮುಟ್ಟುವ ಮೊದಲು ಕೂತು ಯೋಚಿಸುವುದು ಅನಿವಾರ್ಯವಾಗಿತ್ತು.

ಈ ಕೆಲಸಕ್ಕೆ ಮನೋವೈಜ್ಞಾನಿಕ ಥ್ರಿಲ್ಲರ್ ಹೇಳಿ ಮಾಡಿಸಿದಂಥ ಪ್ರಕಾರ. ಕಾರಣ ಕಲೆಗಿಂತ ಮೊದಲು ಕಾಸಿನದು. ಕಾರುಗಳ ಬೆನ್ನಟ್ಟುವಿಕೆಗೆ ಹಣ ಬೇಕು, ದೆವ್ವಕ್ಕೆ ಮೇಕಪ್ ಬೇಕು. ಒಬ್ಬ ವ್ಯಕ್ತಿ, ಒಂದು ಕೋಣೆ, ಆ ವ್ಯಕ್ತಿಯ ತಲೆಯೊಳಗೆ ಏನೋ ಸರಿಯಿಲ್ಲವೆಂಬ ಅನುಮಾನ, ಈ ಮೂರಕ್ಕೂ ಖರ್ಚಿಲ್ಲ. ಪತ್ತೇದಾರಿ ಕಥೆಯಲ್ಲಿ ಪ್ರೇಕ್ಷಕರ ಪ್ರಶ್ನೆ ಯಾರು ಮಾಡಿದರು ಎಂಬುದು. ಭಯಾನಕ ಚಿತ್ರದಲ್ಲಿ ಅದು ಯಾವಾಗ ಬರುತ್ತದೆ ಎಂಬುದು. ಮನೋವೈಜ್ಞಾನಿಕ ಥ್ರಿಲ್ಲರಿನಲ್ಲಿ ಮಾತ್ರ, ಕಣ್ಣೆದುರು ಕಾಣುತ್ತಿರುವುದನ್ನೇ ನಂಬಬೇಕೋ ಬೇಡವೋ ಎಂಬ ಪ್ರಶ್ನೆ ಏಳುತ್ತದೆ. ಆರಂಭದ ಎರಡು ನಿಮಿಷ ಈ ಪ್ರಶ್ನೆಯನ್ನು ಎಬ್ಬಿಸಿದರೆ ಸಾಕು, ಉತ್ತರ ಕೊಡಬೇಕಿಲ್ಲ. ಉತ್ತರದ ಎಷ್ಟು ಪಾಲನ್ನು ಬಚ್ಚಿಡಬೇಕು ಎಂದು ತೀರ್ಮಾನಿಸುವುದರಲ್ಲೇ ಯೋಜನೆಯ ಬಹುಪಾಲು ಮುಗಿಯುತ್ತದೆ.

ಬಚ್ಚಿಡುವುದನ್ನು ಕಲಿಯಲು ಹಳೆಯ ಚಿತ್ರಗಳೇ ಪಾಠಶಾಲೆ. ಜರ್ಮನಿಯ ಫ್ರಿಟ್ಸ್ ಲ್ಯಾಂಗ್ 1931ರಲ್ಲಿ ತೆಗೆದ ‘ಎಂ’ ಮಕ್ಕಳ ಆಟದಿಂದ ಶುರುವಾಗುತ್ತದೆ. ವಠಾರದ ಅಂಗಳದಲ್ಲಿ ಮಕ್ಕಳು ಸುತ್ತ ನಿಂತು, ಕೊಲೆಗಾರನ ಮೇಲೆ ಕಟ್ಟಿದ ಎಣಿಕೆಯ ಹಾಡು ಹೇಳುತ್ತ ಒಬ್ಬೊಬ್ಬರನ್ನೇ ಆಟದಿಂದ ಹೊರಗೆ ಹಾಕುತ್ತಿರುತ್ತಾರೆ. ಮಹಡಿಯ ಮೇಲೆ ಬಟ್ಟೆ ಒಗೆಯುತ್ತಿದ್ದ ತಾಯಿ ಶಾಲೆಯಿಂದ ಬರಬೇಕಾದ ಮಗಳಿಗೆ ತಟ್ಟೆ ಇಟ್ಟು ಕಾಯುತ್ತಾಳೆ. ಗಡಿಯಾರ ನೋಡುತ್ತಾಳೆ, ಮೆಟ್ಟಿಲಿನ ಕಡೆ ಬಗ್ಗಿ ಹೆಸರು ಹಿಡಿದು ಕೂಗುತ್ತಾಳೆ. ಇತ್ತ ಬೀದಿಯಲ್ಲಿ ಮಗುವಿನ ಮುಂದೆ ನಿಂತ ಗಂಡಸು ಮೊದಲು ಕಾಣುವುದು ನೆರಳಾಗಿ. ಕೊನೆಗೆ ಖಾಲಿ ಮೆಟ್ಟಿಲು, ಖಾಲಿ ತಟ್ಟೆ, ಪೊದೆಯಿಂದ ಉರುಳಿ ಬಂದು ನಿಲ್ಲುವ ಚೆಂಡು, ತಂತಿಗೆ ಸಿಕ್ಕಿಕೊಂಡ ಬಲೂನು. ಕೊಲೆಯನ್ನು ತೋರಿಸಿಲ್ಲ, ಆದರೂ ನೋಡಿದವರಿಗೆಲ್ಲ ಅದು ಗೊತ್ತಾಗಿದೆ. ಆರಂಭದ ದೃಶ್ಯಕ್ಕೆ ಇದಕ್ಕಿಂತ ಒಳ್ಳೆಯ ಮೇಷ್ಟರು ಸಿಗುವುದು ಕಷ್ಟ. ಇದರಲ್ಲಿ ಬಳಸಿದ ಸಾಮಾನೆಲ್ಲ ಯಾವ ವಿದ್ಯಾರ್ಥಿಯ ಮನೆಯಲ್ಲಾದರೂ ಇರುವಂಥದ್ದೇ.

ಹಿಚ್‌ಕಾಕ್‌ನ ‘ಸೈಕೋ’ (1960) ಬೇರೆ ದಾರಿ ಹಿಡಿಯುತ್ತದೆ. ಸಾಲ್ ಬಾಸ್ ರೂಪಿಸಿದ ಟೈಟಲ್‌ನಲ್ಲಿ ಗೆರೆಗಳು ಹೆಸರುಗಳನ್ನು ಸೀಳುತ್ತ ಹೋಗುತ್ತವೆ. ಬರ್ನಾರ್ಡ್ ಹರ್ಮನ್‌ನ ಸಂಗೀತದಲ್ಲಿ ಇರುವುದು ತಂತಿವಾದ್ಯ ಮಾತ್ರ. ಆಮೇಲೆ ಫೀನಿಕ್ಸ್ ನಗರದ ವಿಶಾಲ ನೋಟ. ಅದರ ಮೇಲೆ ಡಿಸೆಂಬರ್ 11, ಶುಕ್ರವಾರ, ಮಧ್ಯಾಹ್ನ 2.43 ಎಂಬ ಅಕ್ಷರಗಳು. ಇಷ್ಟು ಕರಾರುವಾಕ್ಕಾದ ಸಮಯ ಯಾಕೆ ಎಂದು ಯಾರಿಗೂ ತಿಳಿಯುವುದಿಲ್ಲ, ತಿಳಿಯದ್ದರಿಂದಲೇ ಕಸಿವಿಸಿ. ಕ್ಯಾಮೆರಾ ಅರ್ಧ ಇಳಿಸಿದ ಕಿಟಕಿ ಪರದೆಯ ಕೆಳಗಿನಿಂದ ಹೋಟೆಲ್ ಕೋಣೆಯೊಳಕ್ಕೆ ನುಸುಳಿದಾಗ, ನೋಡುವವರು ಕೇಳದೆಯೇ ಇಣುಕುವವರಾಗಿಬಿಡುತ್ತಾರೆ. ಅದೇ ವರ್ಷ ಬ್ರಿಟನ್ನಿನಲ್ಲಿ ಬಂದ ಮೈಕೆಲ್ ಪವೆಲ್‌ನ ‘ಪೀಪಿಂಗ್ ಟಾಮ್’ ಈ ಇಣುಕನ್ನೇ ಕಥೆ ಮಾಡಿಕೊಂಡಿತು. ಅದರ ಆರಂಭದಲ್ಲಿ ಪ್ರೇಕ್ಷಕರಿಗೆ ಬೀದಿ ಕಾಣುವುದು ಕೊಲೆಗಾರ ಹಿಡಿದ ಕ್ಯಾಮೆರಾದ ಕಿಂಡಿಯ ಮೂಲಕ.

ವಿದ್ಯಾರ್ಥಿಗಳನ್ನು ಬಹಳವಾಗಿ ಸೆಳೆಯುವುದು ಮಾತ್ರ ‘ಸೆವೆನ್’ (1995). ಕೈಲ್ ಕೂಪರ್ ರೂಪಿಸಿದ ಅದರ ಟೈಟಲ್ ದೃಶ್ಯದಲ್ಲಿ ಕೊಲೆಗಾರನ ಮುಖವೇ ಇಲ್ಲ, ಕೈಗಳಷ್ಟೇ. ಬೆರಳ ತುದಿಯ ಚರ್ಮ ಕೆರೆಯುವ ಬ್ಲೇಡು, ಹಾಳೆಗಳನ್ನು ಹೊಲಿಯುವ ಸೂಜಿ ದಾರ, ಒತ್ತೊತ್ತಾಗಿ ಬರೆದ ನೋಟ್‌ಬುಕ್ಕುಗಳು, ಕೆರೆದು ಬರೆದಂತೆ ನಡುಗುವ ಅಕ್ಷರಗಳು. ಇದರ ಮೋಹ ಅಪಾಯಕಾರಿ. ಕತ್ತರಿ, ಕಣ್ಣು ಗೀಚಿದ ಫೋಟೊ, ಗೋಡೆಗೆ ಕಟ್ಟಿದ ಕೆಂಪು ದಾರ ಎಂದು ಸಾಮಾನು ಜೋಡಿಸಿದ ಮಾತ್ರಕ್ಕೆ ಅದು ‘ಸೆವೆನ್’ ಆಗುವುದಿಲ್ಲ. ಅಲ್ಲಿ ಕಾಣುವ ಪ್ರತಿಯೊಂದು ವಸ್ತುವಿಗೂ ಆ ಕೊಲೆಗಾರನ ಬದುಕಿನಲ್ಲಿ ಕೆಲಸವಿದೆ: ಬೆರಳ ಗುರುತು ಉಳಿಯಬಾರದೆಂದೇ ಅವನು ಚರ್ಮ ಕೆರೆಯುತ್ತಾನೆ. ಕಥೆಯಲ್ಲಿ ಕೆಲಸವಿಲ್ಲದ ಕತ್ತರಿ ಬರೀ ಅಲಂಕಾರ.

ಆದ್ದರಿಂದ ಯೋಜನೆಯ ಮೊದಲ ಹೆಜ್ಜೆ ದೃಶ್ಯವನ್ನು ಕಲ್ಪಿಸಿಕೊಳ್ಳುವುದಲ್ಲ, ತೆಗೆಯದಿರುವ ಸಿನಿಮಾದ ಕಥೆಯನ್ನು ಅರ್ಧ ಪುಟದಲ್ಲಿ ಪೂರ್ತಿ ಬರೆದುಕೊಳ್ಳುವುದು. ಉದಾಹರಣೆಗೆ ಇಂಥ ಒಂದು ಕಥೆ: ಒಂಟಿಯಾಗಿರುವ ಹುಡುಗಿಯೊಬ್ಬಳಿಗೆ, ರಾತ್ರಿ ತಾನು ಮಲಗಿದ ಮೇಲೆ ಯಾರೋ ಮನೆಯೊಳಗೆ ಓಡಾಡುತ್ತಾರೆಂಬ ಅನುಮಾನ. ಓಡಾಡುತ್ತಿರುವವಳು ನಿದ್ದೆಯಲ್ಲಿ ನಡೆಯುವ ಅವಳೇ. ಇಷ್ಟು ಗೊತ್ತಾದ ಮೇಲೆ ಆರಂಭ ತಾನಾಗಿಯೇ ಹುಟ್ಟುತ್ತದೆ. ರಾತ್ರಿ ಮಲಗುವ ಮುನ್ನ ಅವಳು ಮಂಡಿಯೂರಿ ಕುರ್ಚಿಯ ನಾಲ್ಕು ಕಾಲುಗಳ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಾಳೆ. ಬಾಗಿಲ ಚಿಲಕ, ದೀಪದ ಸ್ವಿಚ್ಚು, ಕತ್ತಲೆ. ಬೆಳಗಿನ ಬೆಳಕು ಬಂದಾಗ ಕುರ್ಚಿ ಗೆರೆಯಿಂದ ಎರಡಂಗುಲ ಆಚೆಗಿದೆ. ಹೊದಿಕೆಯಿಂದ ಹೊರಬಂದ ಅವಳ ಅಂಗಾಲಿಗೆ ಸುಣ್ಣದ ಪುಡಿ ಮೆತ್ತಿದೆ.

ಈ ಕೊನೆಯ ಚಿತ್ರಿಕೆ (ಶಾಟ್) ಬೇಕೇ ಬೇಡವೇ ಎಂಬಲ್ಲಿ ಗುಂಪು ಜಗಳವಾಡಲೇಬೇಕು. ಅಂಗಾಲು ತೋರಿಸಿದರೆ ಪ್ರೇಕ್ಷಕರಿಗೆ ಅವಳಿಗಿಂತ ಹೆಚ್ಚು ತಿಳಿಯುತ್ತದೆ. ಅವಳಿಗೆ ಯಾವಾಗ ಗೊತ್ತಾಗುತ್ತದೋ ಎಂಬ ಆತಂಕ ಮುಂದಿನ ಚಿತ್ರವನ್ನೆಲ್ಲ ನಡೆಸಬಹುದು. ತೋರಿಸದಿದ್ದರೆ ಅವಳಷ್ಟೇ ಅವರಿಗೂ ಗೊತ್ತು. ಒಗಟು ಕೊನೆಯವರೆಗೆ ಉಳಿಯುತ್ತದೆ. ಮೇಜಿನ ಕೆಳಗೆ ಬಾಂಬ್ ಇದೆಯೆಂದು ಪ್ರೇಕ್ಷಕರಿಗೆ ಮೊದಲೇ ತಿಳಿಸುವುದಕ್ಕೂ, ಅದು ದಿಢೀರನೆ ಸಿಡಿಯುವುದಕ್ಕೂ ಇರುವ ವ್ಯತ್ಯಾಸವನ್ನು ಹಿಚ್‌ಕಾಕ್ ಫ್ರೆಂಚ್ ನಿರ್ದೇಶಕ ತ್ರುಫೋಗೆ ವಿವರಿಸಿದ್ದು ಪ್ರಸಿದ್ಧ. ಹಿಚ್‌ಕಾಕ್‌ನ ಒಲವು ಮೊದಲೇ ತಿಳಿಸುವ ಕಡೆಗಿತ್ತು. ಮಧ್ಯದ ದಾರಿಯೂ ಇದೆ: ಅಂಗಾಲನ್ನು ಅರ್ಧ ಸೆಕೆಂಡು, ಚೌಕಟ್ಟಿನ ಅಂಚಿನಲ್ಲಿ, ಫೋಕಸ್ ಇಲ್ಲದೆ ತೋರಿಸುವುದು. ಕಂಡವರು ಕಂಡರು.

ಕಥೆ ನಿಂತ ಮೇಲೆ ಶಾಟ್ ಲಿಸ್ಟು, ಅದರಿಂದ ಚಿತ್ರಿಕೆಗಳನ್ನು ಚೌಕಗಳಲ್ಲಿ ಬಿಡಿಸಿದ ಸ್ಟೋರಿಬೋರ್ಡು. ಒಂದೊಂದು ಚಿತ್ರಿಕೆಗೆ ಸರಾಸರಿ ಐದು ಸೆಕೆಂಡು ಹಿಡಿದರೆ ಎರಡು ನಿಮಿಷಕ್ಕೆ ಇಪ್ಪತ್ನಾಲ್ಕು. ಮೊದಲ ಕರಡಿನಲ್ಲಿ ಐವತ್ತು ಇದ್ದರೆ ಅರ್ಧಕ್ಕರ್ಧ ಕಡಿಯಬೇಕು. ಚಿತ್ರ ಚೆನ್ನಾಗಿ ಬಿಡಿಸಲು ಬರಬೇಕೆಂದಿಲ್ಲ, ಕಡ್ಡಿಮನುಷ್ಯರೂ ಸಾಕು. ಕ್ಯಾಮೆರಾ ಎಲ್ಲಿದೆ, ಎಷ್ಟು ಎತ್ತರದಲ್ಲಿದೆ, ಯಾವ ಕಡೆ ಚಲಿಸುತ್ತದೆ, ಯಾವ ಶಬ್ದ ಕೇಳಿಸುತ್ತದೆ ಎಂಬುದು ಪ್ರತಿ ಚೌಕದ ಕೆಳಗೆ ಇರಬೇಕು. ನೆಲಮಟ್ಟದಲ್ಲಿ ಇಟ್ಟ ಕ್ಯಾಮೆರಾ ಕುರ್ಚಿಯನ್ನೇ ಪಾತ್ರವಾಗಿಸುತ್ತದೆ. ಹುಡುಗಿಯ ಕಣ್ಣೆತ್ತರದಲ್ಲಿ ಇಟ್ಟರೆ ಅದು ಬರೀ ಕುರ್ಚಿ.

ಓಸಿಆರ್ ಈ ಮುಖ್ಯ ಕೆಲಸಕ್ಕಿಂತ ಮೊದಲು ಒಂದು ಸಣ್ಣ ಕಸರತ್ತು ಮಾಡಿಸುತ್ತಿತ್ತು. ಒಬ್ಬರು ಬಾಗಿಲು ತೆರೆದು, ಕೋಣೆ ದಾಟಿ, ಇನ್ನೊಬ್ಬರ ಎದುರು ಕುಳಿತು ಎರಡು ಮಾತಾಡಬೇಕಿತ್ತು, ಅಷ್ಟೇ. ಇದರಲ್ಲಿ ಸಿನಿಮಾದ ಮೂರು ವ್ಯಾಕರಣ ಸೂತ್ರಗಳು ಕಾಣಬೇಕಿತ್ತು. ಕೈ ಚಿಲಕ ಒತ್ತುವುದು ಒಂದು ಚಿತ್ರಿಕೆಯಲ್ಲಿ ಶುರುವಾಗಿ ಇನ್ನೊಂದರಲ್ಲಿ ಕಡಿಯದೆ ಮುಂದುವರಿಯುವುದು. ಮಾತಾಡುವವರ ಮುಖಗಳನ್ನು ಎದುರುಬದುರಾಗಿ ತೋರಿಸುವುದು. ಇಬ್ಬರ ನಡುವೆ ಎಳೆದ ಕಾಲ್ಪನಿಕ ಗೆರೆಯ ಒಂದೇ ಬದಿಯಲ್ಲಿ ಕ್ಯಾಮೆರಾ ಉಳಿಯುವ 180 ಡಿಗ್ರಿ ನಿಯಮ. ಗೆರೆ ದಾಟಿದರೆ ಎಡಕ್ಕಿದ್ದವರು ತಟ್ಟನೆ ಬಲಕ್ಕೆ ಬಂದು ನೋಡುವವರ ದಿಕ್ಕು ತಪ್ಪುತ್ತದೆ. ಥ್ರಿಲ್ಲರಿನಲ್ಲಿ ಬೇಕೆಂದೇ ದಿಕ್ಕು ತಪ್ಪಿಸಬಹುದು. ಆದರೆ ಉಳಿದೆಡೆ ನಿಯಮ ಸರಿಯಾಗಿ ಪಾಲನೆಯಾಗಿದ್ದರಷ್ಟೇ ಅದು ಬೇಕೆಂದು ಮಾಡಿದ್ದು ಎಂದು ಗೊತ್ತಾಗುವುದು.

ಟೈಟಲ್‌ಗಳನ್ನು ಕೊನೆಗೆ ಅಂಟಿಸಿದರಾಯಿತು ಎಂದುಕೊಳ್ಳುವುದು ಸಾಮಾನ್ಯ ತಪ್ಪು. ನಿರ್ಮಾಣ ಸಂಸ್ಥೆ, ಮುಖ್ಯ ನಟರು, ಚಿತ್ರದ ಹೆಸರು, ಸಂಗೀತ, ಸಂಕಲನ, ಛಾಯಾಗ್ರಹಣ, ಕೊನೆಗೆ ನಿರ್ದೇಶಕ: ಹತ್ತು ಹೆಸರಿಗೆ ಮೂರು ಮೂರು ಸೆಕೆಂಡು ಕೊಟ್ಟರೆ ಅರ್ಧ ನಿಮಿಷ ಅಲ್ಲಿಗೇ ಹೋಗುತ್ತದೆ. ಅಕ್ಷರ ಬೀಳುವ ಜಾಗವನ್ನು ಚೌಕಟ್ಟಿನಲ್ಲಿ ಮೊದಲೇ ಖಾಲಿ ಬಿಟ್ಟಿರಬೇಕು. ನಿರ್ದೇಶಕ ಪೊಲಾನ್‌ಸ್ಕಿಯ ‘ರಿಪಲ್ಷನ್’ (1965) ಚಿತ್ರದಲ್ಲಿ ನಾಯಕಿಯ ಕಣ್ಣನ್ನು ಪರದೆ ತುಂಬ ತೋರಿಸಿ ಹೆಸರುಗಳನ್ನು ಆ ಕಣ್ಣಿನ ಮೇಲೆಯೇ ಹಾಯಿಸಿದ್ದಾರೆ. ಸುಣ್ಣದ ಗೆರೆಯ ಕಥೆಗೆ ಅಕ್ಷರಗಳನ್ನೂ ನೆಲದ ಮೇಲೆ ಸುಣ್ಣದಲ್ಲೇ ಬರೆಯಬಹುದು. ಬೆಳಗಾದಾಗ ಒಂದಕ್ಷರ ಅರ್ಧ ಅಳಿಸಿಹೋಗಿದ್ದರೆ ಇನ್ನೂ ಚೆನ್ನ.

ಧ್ವನಿಯ ಯೋಜನೆ ಬಹಳ ಗುಂಪುಗಳಲ್ಲಿ ಸೊರಗುತ್ತದೆ. ನಡುಕದ ಸಂಗೀತ ಹಾಕಿದರೆ ದಿಗಿಲು ತಾನೇ ಬರುತ್ತದೆಂಬ ನಂಬಿಕೆ ಅದಕ್ಕೆ ಕಾರಣ. ಆದರೆ ‘ಎಂ’ ಚಿತ್ರದ ಕೊಲೆಗಾರನನ್ನು ಗುರುತಿಸಿಕೊಡುವುದು ಸಂಗೀತಕಾರ ಗ್ರೀಗ್‌ನ ಒಂದು ರಾಗದ ಬರೀ ಶಿಳ್ಳೆ. ಸುಣ್ಣ ನೆಲಕ್ಕೆ ಉಜ್ಜುವ ಕಿರಗುಟ್ಟುವಿಕೆ, ಫ್ರಿಜ್ಜಿನ ಗುಂಯ್ಗುಡುವಿಕೆ, ಅದು ನಿಂತಾಗಿನ ಮೌನ ಇವನ್ನು ಹತ್ತಿರದಿಂದ ಬೇರೆಯಾಗಿ ರೆಕಾರ್ಡ್ ಮಾಡಿಕೊಳ್ಳಲು ಸಾಧಾರಣ ಫೋನೂ ಸಾಕು. ಯಾರೂ ಮಾತಾಡದಿರುವಾಗ ಕೋಣೆಯ ಸದ್ದನ್ನು ಒಂದು ನಿಮಿಷ ಹಿಡಿದಿಟ್ಟರೆ ಸಂಕಲನದಲ್ಲಿ ಚಿತ್ರಿಕೆಗಳ ನಡುವಿನ ಬಿರುಕು ಮುಚ್ಚುತ್ತದೆ.

ಇನ್ನು ಹೊರಗಿನ ಅಡ್ಡಿಗಳು. ಡಿಸೆಂಬರಿನಲ್ಲಿ ಲಂಡನ್ನಿನ ಸೂರ್ಯ ನಾಲ್ಕು ಗಂಟೆಗೆ ಮೊದಲೇ ಮುಳುಗುತ್ತಾನೆ. ಶಾಲೆ ಬಿಟ್ಟ ಮೇಲೆ ಹಗಲಿನ ದೃಶ್ಯ ತೆಗೆಯುತ್ತೇವೆಂದರೆ ನಡೆಯದು. ಸಕಾರಣವಿಲ್ಲದೆ ಸಾರ್ವಜನಿಕ ಜಾಗದಲ್ಲಿ ಆಟಿಕೆಯಂಥ ನಕಲಿ ಬಂದೂಕು ಹಿಡಿದು ತಿರುಗುವುದು ಅಲ್ಲಿ ಅಪರಾಧವಾಗಬಹುದು. ಲೊಕೇಶನ್ನಿನ ಒಪ್ಪಿಗೆ, ಅಪಾಯಗಳ ಪಟ್ಟಿ ಎಲ್ಲವೂ ಕಾಗದದಲ್ಲಿರಬೇಕು. ಚಿತ್ರೀಕರಣ ಎರಡು ದಿನಕ್ಕೆ ಹರಿದರೆ ಅದೇ ಉಡುಪು, ಅದೇ ಜಡೆ, ಕುರ್ಚಿ ಇದ್ದ ಜಾಗದ ಫೋಟೊ ಬೇಕು. ಕುರ್ಚಿ ಸರಿಯುವುದೇ ಕಥೆಯಾಗಿರುವಾಗ ಅಜಾಗರೂಕತೆಯಿಂದ ಸರಿದ ಕುರ್ಚಿ ಕಥೆಯನ್ನೇ ಕೆಡಿಸುತ್ತದೆ. ಹೀಗೆ ಬಿಡಿ ದಿನಗಳಲ್ಲಿ ತೆಗೆಯುವುದು ಹೊಸದೇನಲ್ಲ: ಕ್ರಿಸ್ಟೊಫರ್ ನೋಲನ್ ತನ್ನ ಮೊದಲ ಕಥಾಚಿತ್ರ ‘ಫಾಲೋಯಿಂಗ್’ (1998) ತೆಗೆದದ್ದು ಕೆಲಸವಿದ್ದ ಗೆಳೆಯರನ್ನು ಕಟ್ಟಿಕೊಂಡು, ಸುಮಾರು ಒಂದು ವರ್ಷದ ವಾರಾಂತ್ಯಗಳಲ್ಲಿ, ಕಪ್ಪುಬಿಳುಪಿನ 16 ಎಂಎಂ ಫಿಲ್ಮಿನಲ್ಲಿ. ಫಿಲ್ಮ್ ದುಬಾರಿ, ಹಾಗಾಗಿ ಒಂದೆರಡು ಟೇಕಿನಲ್ಲೇ ಮುಗಿಯುವಷ್ಟು ಮೊದಲೇ ತಾಲೀಮು ನಡೆಯುತ್ತಿತ್ತು. ‘ಸೆವೆನ್’ನಂತೆ ಅದರ ಆರಂಭವೂ ಕೈಗವಸು ತೊಟ್ಟ ಕೈಗಳು ಪೆಟ್ಟಿಗೆಯೊಂದರ ಸಾಮಾನು ತಡಕುವುದರಿಂದಲೇ.

ಮನಸ್ಸಿನ ಕಾಯಿಲೆಯನ್ನು ಹೇಗೆ ತೋರಿಸುವುದು ಎಂಬ ಪ್ರಶ್ನೆ ಯೋಜನೆಯ ಹಂತದಲ್ಲೇ ಏಳಬೇಕು; ವಿಮರ್ಶೆ ಬರೆಯುವಾಗ ಯಾವ ಸಾಮಾಜಿಕ ಗುಂಪನ್ನು ಹೇಗೆ ಚಿತ್ರಿಸಿದ್ದೀರೆಂದು ವಿದ್ಯಾರ್ಥಿಗಳನ್ನು ಕೇಳಲಾಗುತ್ತಿತ್ತು. ಕಾಯಿಲೆಯವರೆಂದರೆ ಕೊಲೆಗಾರರು ಎಂಬ ಸಮೀಕರಣ ಈ ಪ್ರಕಾರದ ಹಳೆಯ ರೋಗ. ಕನ್ನಡಿಗರಿಗೆ ಇದಕ್ಕೆ ಎದುರಿನ ಉದಾಹರಣೆ ಗೊತ್ತು. ತ್ರಿವೇಣಿಯವರ ಕಾದಂಬರಿಯಿಂದ ಪುಟ್ಟಣ್ಣ ಕಣಗಾಲ್ 1971ರಲ್ಲಿ ತೆಗೆದ ‘ಶರಪಂಜರ’ದಲ್ಲಿ, ಆಸ್ಪತ್ರೆಯಿಂದ ಗುಣವಾಗಿ ಬಂದ ಕಾವೇರಿಯಿಂದ ಯಾರಿಗೂ ಅಪಾಯವಿಲ್ಲ, ಅವಳನ್ನು ಹುಚ್ಚಿಯೆಂದೇ ನೋಡುವ ಸುತ್ತಲಿನವರಿಂದ ಅವಳಿಗೇ ಅಪಾಯ. ಅದು ಥ್ರಿಲ್ಲರ್ ಅಲ್ಲ. ಆದರೂ ದಿಗಿಲು ಸುಣ್ಣದ ಗೆರೆಯ ಹುಡುಗಿಯ ಒಳಗಿದೆಯೋ ಅವಳನ್ನು ನೋಡುವವರಲ್ಲಿದೆಯೋ ಎಂದು ಕೇಳಿಕೊಳ್ಳಲು ಅದು ನೆರವಾಗುತ್ತದೆ.

ಚಿತ್ರೀಕರಣಕ್ಕೆ ಮುಂಚಿನ ಕೊನೆಯ ಕೆಲಸ ಸ್ಟೋರಿಬೋರ್ಡಿನ ಚೌಕಗಳನ್ನು ಫೋಟೊ ತೆಗೆದು, ಕಂಪ್ಯೂಟರಿನಲ್ಲಿ ಸಾಲಾಗಿ ಜೋಡಿಸಿ, ಪ್ರತಿಯೊಂದಕ್ಕೂ ಗೊತ್ತುಪಡಿಸಿದ ಸೆಕೆಂಡು ಮತ್ತು ಕಚ್ಚಾ ಶಬ್ದ ಕೊಟ್ಟು ಓಡಿಸುವುದು. ಅನಿಮ್ಯಾಟಿಕ್ ಎನ್ನುವ ಇದನ್ನು ಕಥೆ ಗೊತ್ತಿಲ್ಲದ ಒಬ್ಬರಿಗೆ, ಏನೂ ವಿವರಿಸದೆ, ಒಂದೇ ಸಲ ತೋರಿಸಬೇಕು. ಮುಗಿದ ಮೇಲೆ ಚೆನ್ನಾಗಿದೆಯಾ ಎಂದು ಕೇಳುವುದು ದಂಡ. ಏನು ಗೊತ್ತಾಗಬೇಕೆನಿಸುತ್ತಿದೆ ಎಂದು ಕೇಳಬೇಕು. ಆ ಹುಡುಗಿ ನೆಲದ ಮೇಲೆ ಯಾಕೆ ಗೀಚುತ್ತಿದ್ದಳು ಎಂದರೆ, ಸುಣ್ಣದ ಗೆರೆ ಕುರ್ಚಿಯ ಕಾಲನ್ನು ಸುತ್ತುವ ಚಿತ್ರಿಕೆಗೆ ಇನ್ನೆರಡು ಸೆಕೆಂಡು ಸೇರಿಸಬೇಕು. ಕುರ್ಚಿ ಸರಿಸಿದ್ದು ಯಾರು ಎಂದರೆ ಕ್ಯಾಮೆರಾ ಹೊರತೆಗೆಯಬಹುದು.