ಅಜ್ಜಿಯ ಮದುವೆ ಯಾವ ಚರ್ಚಿನಲ್ಲಿ?

ನನ್ನ ಓರಗಿತ್ತಿಯ ಸೊಸೆ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಕಡೆಯವಳು. ಏಳು ತಲೆಮಾರಿನ ಹಿಂದಿನ ಅಜ್ಜಿಯ ಮದುವೆ ದಾಖಲೆಗಾಗಿ ಎರಡು ವರ್ಷ ಊರಿನ ಚರ್ಚಿನ ಪುಸ್ತಕಗಳನ್ನೇ ಹುಡುಕಿದಳಂತೆ. ಹೆಸರೇ ಇಲ್ಲ! "ಮದುವೆಯೇ ಆಗಿರಲಿಲ್ವೇನೋ ಚಿಕ್ಕತ್ತೆ" ಅಂತ ಮುಖ ಸಣ್ಣದು ಮಾಡಿಕೊಂಡಿದ್ದಳು, ಪಾಪ.

ಅಲ್ಲಿ ಒಂದು ಮುಖ್ಯ ಚರ್ಚಿಗೆ ಸೇರಿದ ಊರುಗಳಿಗೆ ಪ್ಯಾರಿಷ್ ಅಂತಾರೆ. ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರ ಬರೆದಿಡಬೇಕೆಂದು 1538ರಲ್ಲೇ ಆಜ್ಞೆಯಾಗಿತ್ತು. ಆದರೆ ಈಗ ಮನೆ ಹತ್ತಿರ ಕಾಣುವ ಚರ್ಚು ಎಷ್ಟೋ ಕಡೆ 19ನೇ ಶತಮಾನದಲ್ಲಿ ಜನ ಹೆಚ್ಚಾದ ಮೇಲೆ ಕಟ್ಟಿದ್ದು. ಕಟ್ಟಡ ಹಳೆಯದಾದರೂ ನಂಬುವ ಹಾಗಿಲ್ಲ ನೋಡಿ! ಬರೀ ಉಪಚರ್ಚಾಗಿದ್ದರೆ ಮಗುವಿನ ದೀಕ್ಷಾಸ್ನಾನ ಅಲ್ಲೇ ಆದರೂ ಮದುವೆಗೆ ತಾಯಿ ಚರ್ಚಿಗೇ ಹೋಗಬೇಕಾಗಿತ್ತು. ಮ್ಯಾಂಚೆಸ್ಟರಿನ ದೊಡ್ಡ ಚರ್ಚು, 1847ರಲ್ಲಿ ಕೆಥೀಡ್ರಲ್ ಆಯಿತಲ್ಲ, ಅದಕ್ಕೆ ಸುತ್ತಲಿನ ಎಷ್ಟೋ ಹಳ್ಳಿಗಳು ಸೇರಿದ್ದವು.

ಅದಕ್ಕೇ ಚರ್ಚು ಯಾವಾಗ ಪ್ಯಾರಿಷ್ ಆಯಿತು, ಯಾವುದರಿಂದ ಒಡೆದು ಬಂತು ಅಂತ ಮೊದಲು ಕೇಳಬೇಕು. ಹುಟ್ಟಿದ ಪ್ಯಾರಿಷ್ ಯಾವುದೆಂದು 1851ರ ಜನಗಣತಿಯಲ್ಲೂ ಸಿಗುತ್ತೆ.

ಕೊನೆಗೆ ದೊಡ್ಡ ಚರ್ಚಿನ ಪುಸ್ತಕದಲ್ಲೇ ಅಜ್ಜಿ ಸಿಕ್ಕಳು. ಓದುಬರಹ ಬಾರದವಳು, ಸಹಿಯ ಜಾಗದಲ್ಲಿ ಒಂದರ ಮೇಲೊಂದು ಎರಡು ಗೀಟು ಎಳೆದಿದ್ದಳು. ಅದರ ಫೋಟೋ ಈಗ ನಮ್ಮ ಓರಗಿತ್ತಿ ಮನೆಯ ಗೋಡೆಯ ಮೇಲಿದೆ.